ನೀರಿನಲ್ಲಿ ಸಿಕ್ಕ ಗೋಧಿ

ವಾಹಿದಾಳ ಮಗಳು ಜೋಯಾಳಿಗೆ ಗೋಧಿ ಆಗಿಬರುತ್ತಿರಲಿಲ್ಲ. ಒಂದು ತುಣುಕು ಚಪಾತಿ ತಿಂದರೂ ಮೈತುಂಬ ದದ್ದು. ಹಾಗಾಗಿ ಎದುರುಮನೆಯ ಮುದುಕಿ ಸರ್ವರಿ ಬೇಗಂ ಬಡಿದು ಮಾರುವ ಜೋಳದ ರೊಟ್ಟಿಯೇ ಅವಳಿಗೆ ಗತಿ. ಆ ವಾರ ರೊಟ್ಟಿ ತಿಂದೂ ಹುಡುಗಿ ಮೈ ಕೆರೆದುಕೊಳ್ಳುತ್ತ ಕೂತಾಗ, ಮಾನ್ವಿಯ ಆ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವನು ಖಾಜಾ.

ಖಾಜಾ ರಾಯಚೂರಿನ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕ. "ಹಂಚಿನ ಮ್ಯಾಲೆ ಬೆಂದ್ರೂ ಡಿಎನ್‌ಎ ಪೂರಾ ಹೋಗಂಗಿಲ್ಲ. ಒಂದು ಚಿಟಿಕಿ ಗೋದಿ ಇದ್ರೂ ನಮ್ಮ ಮಷೀನು ಕುಲಗೋತ್ರ ಸಹಿತ ಹಿಡೀತದ" ಎಂದು ಒಂದು ರೊಟ್ಟಿ ಸುತ್ತಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ನಲ್ಲಿಯ ಮುಂದೆ ನಿಂತಿದ್ದಾಗ ತೀರ್ಪು ಕೊಟ್ಟೇಬಿಟ್ಟ. "ಗೋದಿ ಅದ!"

ಸರ್ವರಿ ಬೇಗಂ ಕೊಡ ಕೆಳಗಿಳಿಸಿ ಏನೋ ಹೇಳಲು ಬಾಯಿ ತೆರೆದಳು. ಹೇಳಲು ಬಿಡಬೇಕಲ್ಲ!

"ಕೂಸಿಗೆ ಇದನ್ನ ತಿನ್ನಿಸಿದ್ರೇನ್ ಖಾಲಾ?" ಎಂದು ವಾಹಿದಾ ಚೀರಿದಳು. ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಯೊಳಗೆ ಹೋದಳು. ಖಾಜಾ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿದ.

ಮಧ್ಯಾಹ್ನ ಲ್ಯಾಬಿನ ಶಶಿಕಲಾ ಮೇಡಂ ಫೋನ್ ಮಾಡಿದರು.

"ಖಾಜಾ, ರೊಟ್ಟಿ ಜೋಡಿ ತಾಳೆ ನೋಡಾಕ ಬರೇ ನೀರಿನ ಟ್ಯೂಬ್ ಒಂದು ಇಟ್ಟಿದ್ಯಲ್ಲ, ಅದನ್ನ ನೋಡಿದ್ಯೇನು?"

"ನೀರಾಗ ಏನ್ ನೋಡೋದ್ರೀ ಮೇಡಂ?"

"ನೀರಾಗೂ ಗೋದಿ ಬಂದದ! ಚಪಾತಿ ತಿಂದ ಕೈಲೆ ಟ್ಯೂಬ್ ಮುಟ್ಟಿದ್ಯೇನ್? ಈ ಟೆಸ್ಟ್ ಲೆಕ್ಕಕ್ಕಿಲ್ಲ. ರೊಟ್ಟಿಯಾಗ ಗೋದಿ ಅದ ಅನ್ನಂಗಿಲ್ಲ, ಇಲ್ಲ ಅಂತನೂ ಅನ್ನಂಗಿಲ್ಲ."

ಖಾಜಾನ ಕಿವಿಗೆ ಕೊನೆಯ ಮಾತು ಬೀಳಲೇ ಇಲ್ಲ. ಮುಖ ಮುಚ್ಚಿಕೊಂಡು ಹೋದ ಮುದುಕಿಯೇ ಕಣ್ಣ ಮುಂದಿದ್ದಳು. ಓಡಿಹೋಗಿ ಅವಳ ಬಾಗಿಲಲ್ಲಿ ಕಿವಿ ಹಿಡಿದು ನಿಂತ. "ತಪ್ಪಾತು ಖಾಲಾ! ಗೋದಿ ನನ್ನ ಚಪಾತೀದು. ನಿಮ್ಮ ರೊಟ್ಟಿ ಅಪ್ಪಟ ಜೋಳ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಓಣಿ ಅವನಿಗೆ ಛೀಮಾರಿ ಹಾಕಿತು. ವಾಹಿದಾ ಅಳುತ್ತ ಮಾಫಿ ಕೇಳಿ, ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನೆಲ್ಲ ಕೊಂಡೊಯ್ದಳು. ಜನ ಚೆದುರಿದ ಮೇಲೆ ಸರ್ವರಿ ಬೇಗಂ ಅವನ ತೋಳು ಹಿಡಿದು ಒಳಗೆಳೆದಳು.

"ಅಪ್ಪಟ ಅಂತ ಯಾಕಂದಿ ಬೇಟಾ? ಬೆಳಿಗ್ಗಿಂದ ನಾನೇ ಹೇಳ್ಬೇಕಂತ ಒದ್ದಾಡಾಕತ್ತೀನಿ. ಕೈಕೀಲು ಹಿಡದಾವ, ಬಡದ್ರ ರೊಟ್ಟಿ ಹರೀತಾವ. ಅದಕ್ಕ ಈ ವಾರ ಒಂದು ಹಿಡಿ ಗೋದಿಹಿಟ್ಟು ಕಲಸೀನಿ. ಅಷ್ಟಕ್ಕೇ ಕೂಸಿಗೆ ತ್ರಾಸಾಗ್ತದಂತ ಗೊತ್ತಿದ್ದಿಲ್ಲಪ್ಪಾ. ಈಗ ಎಲ್ಲಾರೂ ಮಾಫಿ ಕೇಳಿ ಹೋದ್ರು, ಯಾವ ಬಾಯಿಲೆ ಹೇಳ್ಲಿ?"

ಖಾಜಾ ಹೊರಗೆ ಹಾರಿದ. ಎದುರಿನ ಹೊಸ್ತಿಲಲ್ಲಿ ಜೋಯಾ ಶೇಂಗಾ ಚಟ್ನಿ ಸವರಿದ ರೊಟ್ಟಿಯನ್ನು ಬಾಯಿಗೆ ಒಯ್ಯುತ್ತಿದ್ದಳು. ಅದನ್ನು ಕಸಿದುಕೊಂಡ. ಒಳಗೆ ನುಗ್ಗಿ ಉಳಿದವನ್ನೂ ಕಂಕುಳಿಗೆ ಸೇರಿಸಿದ. ಹುಡುಗಿ ಕಿಟಾರನೆ ಕಿರುಚಿದಳು. ಓಣಿ ಮತ್ತೆ ಸೇರಿತು.

"ಮತ್ತ ಗೋದಿ ಬಂತೇನ್ ಖಾಜಾ ಭಾಯಿ, ನಿಮ್ಮ ಮಷೀನ್ಯಾಗ?" ಎಂದಳು ವಾಹಿದಾ, ಸೊಂಟದ ಮೇಲೆ ಕೈಯಿಟ್ಟು.

ಖಾಜಾ ತಿರುಗಿ ನೋಡಿದ. ಮುದುಕಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಇಲ್ಲ... ನನಗ ಹಸಿವಾಗಿತ್ತು" ಎಂದು ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡ.

"ಯವ್ವಾ! ಒಬ್ಬನೇ ತಿನ್ನಾಕ ಈ ನಾಟಕೇನು? ಕೇಳಿದ್ರ ನಾನೇ ಕೊಡ್ತಿದ್ದಿಲ್ಲೇನು?" ಎಂದಳು ವಾಹಿದಾ.

ನಗೆ ಓಣಿಯ ಆ ತುದಿಯವರೆಗೂ ಹರಿಯಿತು. ಅಷ್ಟರಲ್ಲಿ ಸರ್ವರಿ ಬೇಗಂ ಎದುರುಬಾಗಿಲಿನಿಂದ ಹೇಳಿದಳು: "ಅಳಬ್ಯಾಡ ಜೋಯಾ. ಹಂಚು ಪರಾತ ತಿಕ್ಕಿ ತೊಳದು, ನಿನಗ ಬ್ಯಾರೆ ಬಡದು ಕೊಡ್ತೀನಿ. ಹರದ್ರ ಹರೀಲಿ, ಬರೇ ಜೋಳದ್ದು."

"ನೋಡ್ರಿ, ಖಾಲಾಂದು ಎಂಥಾ ದೊಡ್ಡ ಮನಸು!" ಎಂದರು ಎಲ್ಲರೂ. "ಈ ಕಳ್ಳನ ಮ್ಯಾಲೆ ಸಿಟ್ಟು ಸೈತ ಮಾಡ್ಲಿಲ್ಲ."

ಖಾಜಾ ತಲೆ ತಗ್ಗಿಸಿ ಅಗಿಯುತ್ತಲೇ ಇದ್ದ. ರೊಟ್ಟಿ ಬಹಳ ಮೆತ್ತಗಿತ್ತು.