ಗ್ರೀಕರ ಚಿನ್ನದ ಕಾಸು, ಗುಂಡ್ಲುಪೇಟೆಯ ಸೈಟು

ಹಠ ಹಿಡಿದವನ ಮನೆ ವಿಳಾಸ ನಗೆಪಾಟಲಿನ ಪ್ರಸಂಗಗಳಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ನನಗಿದ್ದದ್ದು ಒಂದೇ ಹಠ: ಪ್ರಾಚೀನ ಗ್ರೀಕರ ಚಿನ್ನದ ನಾಣ್ಯವೊಂದು ನನ್ನದಾಗಬೇಕು. ನಗುವವರು ನಗಲಿ.

೧. ಹಂಗಳದ ನಿಧಿ

ಹಂಗಳದಿಂದ ಒಬ್ಬ ಫೋನ್ ಮಾಡಿದ. "ಸಾ, ನೀವೇಳ್ತಿದ್ರಲ್ಲ ಗ್ರೀಕು ಕಾಸು, ನಮ್ಮಟ್ಟೀಲಿ ಅದೆ. ಸಿಂಹದ ಮುಖ, ಫಳಫಳ ಅಂತದೆ."

ಊಟ ಬಿಟ್ಟು ಬಸ್ಸು ಹತ್ತಿದೆ. ಭೂತಗನ್ನಡಿ ಹಿಡಿದು ತಿರುಗಿಸಿದರೆ ಹಿಂದುಗಡೆ ದಾರದ ತುಂಡು! "ಇದು ಬ್ಯಾಂಡ್‌ಸೆಟ್ಟಿನವರ ಕೋಟಿನ ಗುಂಡಿ ಕಣಯ್ಯಾ" ಎಂದು ರೇಗಿದೆ.

ಅವನಿಗೇನೂ ಬೇಜಾರಿಲ್ಲ. "ಅಂಗಾದ್ರೆ ಇನ್ನೂ ಐದವೆ ಸಾ, ಕೋಟ್ನೂ ತಕೊಂಡೋಗಿ."

೨. ಮೂವತ್ತು ನಲವತ್ತು

ಇನ್ನು ಅಲೆದಾಟ ಸಾಕೆಂದು, ನನ್ನ ಹೆಸರಿನಲ್ಲಿದ್ದ ಸೈಟು ಮಾರಿ ಹರಾಜಿನಲ್ಲಿ ಕೂಗಿಯೇಬಿಟ್ಟೆ. ಅಲೆಕ್ಸಾಂಡರನ ಕಾಲದ ನಾಣ್ಯ ಬಂತು. ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆ, ಇನ್ನೊಂದು ಕಡೆ ರೆಕ್ಕೆಯ ದೇವತೆ. ಹೆಂಡತಿಯ ಅಂಗೈ ಮೇಲಿಟ್ಟೆ.

"ಮೂವತ್ತು ನಲವತ್ತರ ಸೈಟು ಒಣಗಿ ಇಷ್ಟಾಯ್ತಾ?" ಎಂದಳು.

೩. ಸಾಹೇಬರ ರಿಯಾಯಿತಿ

ಚಿನ್ನ ಅಸಲಿಯೇ ಎಂದು ಕೇಳಲು ಚಾಮರಾಜನಗರದಲ್ಲಿ ಒಡವೆ ಮಾಡುವ ಸಾಹೇಬರ ಹತ್ತಿರ ಹೋದೆ. ಅಭ್ಯಾಸಬಲದಿಂದ ಅವರು ಒರೆಗಲ್ಲಿಗೆ ಉಜ್ಜಲು ಹೊರಟರು. ಕೂಗಿಕೊಂಡು ಅವರ ಕೈ ಹಿಡಿದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರು.

"ಮಾಲು ಅಸಲಿ ಸಾರ್. ಆದ್ರೆ ಡಿಸೈನು ಬಹಳ ಹಳೇದು. ಕರಗಿಸಿ ಮೇಡಂಗೆ ಜುಮುಕಿ ಮಾಡ್ಕೊಡ್ತೀನಿ. ನಿಮಗೆ ಅಂತ ವೇಸ್ಟೇಜ್ ಹಾಕಲ್ಲ."

೪. ಕೊಂಡಿ

ಮೈಸೂರಿನ ನಾಣ್ಯಸಂಗ್ರಾಹಕರೊಬ್ಬರು ಫೋನ್ ಮಾಡಿ, ನನ್ನ ನಾಣ್ಯ ಕೊಟ್ಟರೆ ಅದಕ್ಕಿಂತ ಹಳೆಯ ಗ್ರೀಕ್ ನಾಣ್ಯ ಕೊಡುವುದಾಗಿ ಹೇಳಿದರು. ತಕ್ಷಣ ಒಪ್ಪಿಕೊಂಡೆ. ಹೆಂಡತಿ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದಳು.

ಭಾನುವಾರ ಅವರು ಬಂದು ಕೂತರು. ಬೀರು ತೆಗೆದರೆ ಡಬ್ಬಿ ಖಾಲಿ. ಅಷ್ಟರಲ್ಲಿ ಹೆಂಡತಿ ಕಾಫಿ ತಂದಳು. ಅವಳ ಕಾಸಿನ ಸರದಲ್ಲಿ, ಸಾಲಾಗಿ ಕೂತ ಲಕ್ಷ್ಮಿಯರ ನಡುವೆ ಶಿರಸ್ತ್ರಾಣದ ಗ್ರೀಕ್ ದೇವತೆ! ತಲೆಯ ಮೇಲೆ ಸಾಹೇಬರು ನೀಟಾಗಿ ಬೆಸೆದ ಕೊಂಡಿ.

"ಕೊಂಡಿ ಬೆಸೆದ ನಾಣ್ಯ ನಾವು ಮುಟ್ಟಲ್ಲ ಸಾರ್" ಎಂದು ಬಂದವರು ಕಾಫಿ ಕುಡಿದು ಹೊರಟುಹೋದರು.

"ಎರಡು ಸಾವಿರ ವರ್ಷ ಯಾರೂ ಕೆಡಿಸಿರಲಿಲ್ಲ ಕಣೇ!" ಎಂದು ಕೂಗಾಡಿದೆ. ಹಠ ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ.

ಅವಳು ಸರ ಸರಿಮಾಡಿಕೊಂಡಳು. "ಸೈಟು ನಿಮ್ಮೆಸರಲ್ಲಿತ್ತು, ಮಾರ್ಬುಟ್ರಿ. ಇದು ನನ್ ಕತ್ತಲ್ಲದೆ. ಈಗ ಮಾರಿ, ನೋಡನ."