ಏನೂ ಆಗದವರ ಕುತ್ತಿಗೆ

ಏನೂ ಆಗದವರಿಗೆ ಮದ್ದು ಕೊಡಲು ಹೊರಟರೆ ಏನಾದರೊಂದು ಆಗುತ್ತಲೇ ಇರುತ್ತದೆ. ಮೂಡಿಗೆರೆಯಲ್ಲಿ ಕ್ಲಿನಿಕ್ ಇಟ್ಟಿದ್ದ ನನ್ನ ಅನುಭವದಲ್ಲಿ ಅದು ಆಗುವುದು ಹೆಚ್ಚಾಗಿ ಡಾಕ್ಟರಿಗೇ.

೧. ಮುಳ್ಳು

ತೊಂಬತ್ತರ ದಶಕದ ಕೊನೆ. ಮಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದಲ್ಲಿ ಕೊಬ್ಬು ಕಟ್ಟಿದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ, ಒಂದು ದಿನ ಸೀದಾ ಲಕ್ವ ಹೊಡೆಯಬಹುದು ಎಂದು ಅಲ್ಲಿ ಕೇಳಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಬಂದವರ ಕುತ್ತಿಗೆಗೆಲ್ಲ ಸ್ಟೆತಾಸ್ಕೋಪ್ ಇಡತೊಡಗಿದೆ.

ವಸ್ತಾರೆ ಕಡೆಯ ಹೆಂಗಸೊಬ್ಬರು ಬಂದರು. ಕಣ್ಣು ಮುಚ್ಚಿ ಅವರ ಕುತ್ತಿಗೆ ಆಲಿಸಿ, "ಏನೂ ತೊಂದ್ರೆ ಇಲ್ಲ, ಹೋಗಿ" ಎಂದೆ. ಬಾಗಿಲ ತನಕ ಕುಂಟಿಕೊಂಡು ಹೋದವರು ತಿರುಗಿ ನಿಂತರು.

"ಡಾಕ್ಟ್ರೇ, ಮುಳ್ಳು ಚುಚ್ಚಿರೋದು ಕಾಲಿಗೆ."

೨. ಬೋರರ್ ಹುಳ

ಕೊನೆಗೂ ಒಂದು ಕುತ್ತಿಗೆಯಲ್ಲಿ ನಾನು ಹುಡುಕುತ್ತಿದ್ದ, ನಾಳ ಕಟ್ಟಿದಾಗ ಬರುವ ಸುಂಯ್ ಸದ್ದು ಕೇಳಿಸಿತು. ಕುತ್ತಿಗೆಯ ಯಜಮಾನರು ಸಂಸೆ ಕಡೆಯ ಕಾಫಿ ಎಸ್ಟೇಟಿನಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರು. ಸ್ಕ್ಯಾನ್ ಮಾಡಿಸಿದರೆ ನಾಳ ಅರ್ಧ ಕಟ್ಟಿತ್ತು.

"ಆಪರೇಷನ್ ಏನೂ ಬೇಡ. ದಿನಾ ಮಾತ್ರೆ ತಗೊಳ್ಳಿ, ಬೀಡಿ ಬಿಡಿ" ಎಂದೆ.

"ನಂಗೇನೂ ಆಗಿಲ್ವಲ್ಲ ಸಾರ್!"

ತೋಟದವರಿಗೆ ತೋಟದ ಮಾತೇ ಸರಿ ಎನಿಸಿತು. "ಕಾಫಿ ಗಿಡದ ಕಾಂಡದೊಳಗೆ ಬೋರರ್ ಹುಳ ಕೊರೀತಿದ್ರೂ ಮೇಲೆ ಎಲೆ ಹಸಿರಾಗೇ ಇರುತ್ತಲ್ಲ? ಇದೂ ಹಾಗೇ." ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ರೈಟರು ಮಾತ್ರೆಯ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು.

ವಾರದಲ್ಲಿ ಅವರ ಹೆಂಡತಿ ಅವರನ್ನು ಎಳೆದುಕೊಂಡು ಬಂದರು. "ಏನು ಹೇಳಿದ್ರಿ ಇವ್ರಿಗೆ? ಅನ್ನ ನೀರು ಬಿಟ್ಟು ಕೂತಿದಾರೆ!"

ರೈಟರು ತಲೆ ತಗ್ಗಿಸಿ ಹೇಳಿದರು: "ಬೋರರ್ ಬಿದ್ದ ಗಿಡಕ್ಕೆ ನಾವು ಕೆಂಪು ಬಟ್ಟೆ ಕಟ್ಟಿ ಗುರುತು ಮಾಡ್ತೀವಿ ಸಾರ್. ಆಮೇಲೆ ಬುಡಸಮೇತ ಕಿತ್ತು ಸುಡ್ತೀವಿ."

೩. ಕೆಂಪು ಮಫ್ಲರ್

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೇ ಬೆವರಿತ್ತು. ಪುಣ್ಯಾತ್ಮರು ಅವತ್ತೇ ಬೀಡಿ ಬಿಟ್ಟರು, ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಅವರಿಗೆ ಉಪದೇಶ ಮಾಡಿದ ನಾನು ಮಾತ್ರ ಕ್ಲಿನಿಕ್ಕಿನ ಹಿಂದೆ ನಿಂತು ಸಿಗರೇಟು ಸೇದುತ್ತಲೇ ಇದ್ದೆ.

ಕೆಲವು ವರ್ಷ ಕಳೆದ ಮೇಲೆ ಹೆಂಡತಿ ಹಠ ಹಿಡಿದು ನನಗೂ ಸ್ಕ್ಯಾನ್ ಮಾಡಿಸಿದಳು. ನನ್ನ ನಾಳವೂ ಅರ್ಧ ಕಟ್ಟಿತ್ತು. ನನ್ನ ಬಾಯಿಂದ ಬಂದ ಮೊದಲ ಮಾತು, "ನಂಗೇನೂ ಆಗಿಲ್ವಲ್ಲ!" ಹೆದರಿಕೆಯೇನೋ ಬಹಳ ಆಯಿತು, ಆದರೂ ಸಿಗರೇಟು ಬಿಡಲಾಗಲಿಲ್ಲ. ಕ್ಲಿನಿಕ್ಕಿಗೆ ಮಾತ್ರೆಗೆಂದು ಬಂದ ರೈಟರ ಹತ್ತಿರ ಹೆಂಡತಿ ಇದನ್ನು ಹೇಳಿಕೊಂಡಳು.

ಮರುದಿನ ರೈಟರು ಬಂದು, ಚೀಲದಿಂದ ಒಂದು ಕೆಂಪು ಮಫ್ಲರ್ ತೆಗೆದು ತಾವೇ ನನ್ನ ಕುತ್ತಿಗೆಗೆ ಸುತ್ತಿದರು. "ಚಳಿಗೆ ಒಳ್ಳೇದು ಸಾರ್. ತೆಗೀಬೇಡಿ." ಆ ಪ್ರೀತಿಗೆ ನನ್ನ ಕಣ್ಣು ತುಂಬಿತು.

ಸಂಜೆ ಮಫ್ಲರ್ ಸುತ್ತಿಕೊಂಡೇ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ಸಿಗರೇಟು ಕೇಳಿದೆ. ಅಂಗಡಿಯವನು ನನ್ನ ಕುತ್ತಿಗೆ ನೋಡಿ, ತೆಗೆದ ಪ್ಯಾಕನ್ನು ಮತ್ತೆ ಒಳಗಿಟ್ಟ.

"ಯಾಕೆ ಮಾರಾಯ?"

"ಕೆಂಪು ಬಟ್ಟೆ ಕಟ್ಟಿದ ಡಾಕ್ಟ್ರಿಗೆ ಸಿಗರೇಟು ಕೊಡ್ಬೇಡಿ ಅಂತ ರೈಟರು ಬೆಳಿಗ್ಗೆನೇ ಎಲ್ಲಾ ಅಂಗಡಿಗೂ ಹೇಳಿ ಹೋಗಿದಾರೆ ಸಾರ್. ಕಿತ್ತು ಸುಡೋ ಮೊದ್ಲು ಇದೊಂದು ಮಾಡಿ ನೋಡೋಣ ಅಂದ್ರು."