ನನ್ನ ಗಡ್ಡ, ಊರ ಕತ್ತಿ

ಕೆಲವರಿಗೆ ನೆಗಡಿ ಬಿಡುವುದಿಲ್ಲ, ಕೆಲವರಿಗೆ ನೆಂಟರು ಬಿಡುವುದಿಲ್ಲ. ನನ್ನನ್ನು ಬಿಡದೆ ಕಾಡಿದ್ದು ನನ್ನ ಗಡ್ಡ. ಅದರಿಂದ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇತ್ತು. ಈಗ ನೆನೆಸಿಕೊಂಡು ನಗುತ್ತೇನೆ. ಆಗ ನಕ್ಕವರು ಬೇರೆಯವರು.

ಯುದ್ಧ ನಡೆದಿದ್ದ ವರ್ಷಗಳವು. ಹಿರೇಕೆರೂರು ಕಡೆಯ ಮಾಸೂರಿನಲ್ಲಿ, ನಮ್ಮ ಕೇರಿಯ ಮಕ್ಕಳಿಗೆಂದೇ ತೆರೆದ ಒಂದು ಕೋಣೆಯ ಶಾಲೆಗೆ ನಾನು ಹಂಗಾಮಿ ಮಾಸ್ತರ. ನಮ್ಮಪ್ಪ ಚರ್ಮ ಹದ ಮಾಡಿ ಚಪ್ಪಲಿ, ಮಿಣಿ, ಪಟ್ಟಿ ಮಾಡುತ್ತಿದ್ದ. ನಮ್ಮನ್ನು ಮುಟ್ಟಿದರೆ ಮೈಲಿಗೆ ಎಂಬುದು ಊರಿನ ನಂಬಿಕೆ. ಹೀಗಾಗಿ ಊರ ಕ್ಷೌರಿಕನ ಕತ್ತಿ ನಮ್ಮ ಕೇರಿಗೆ ಬರುತ್ತಿರಲಿಲ್ಲ. ನಮ್ಮ ಹಿರಿಯರು ಚರ್ಮ ಕತ್ತರಿಸುವ ಕತ್ತರಿಯಿಂದಲೇ ಒಬ್ಬರ ಗಡ್ಡ ಒಬ್ಬರು ತರಿದುಕೊಳ್ಳುತ್ತಿದ್ದರು. ಚಪ್ಪಲಿ ಹೊಲಿಯುವವನಿಗೆ ಅದು ನಡೆಯುತ್ತಿತ್ತು, ಕೋಟು ಹಾಕಿದ ಮಾಸ್ತರನಿಗೆ ನಡೆಯಲಿಲ್ಲ. ಬ್ಲೇಡು ಹಾಕುವ ಮಶೀನು ಅಂತ ಒಂದು ಬಂದಿತ್ತು. ಆದರೆ ಯುದ್ಧದ ದೆಸೆಯಿಂದ ಪೇಟೆಯಲ್ಲಿ ಬ್ಲೇಡೇ ಕಾಣುತ್ತಿರಲಿಲ್ಲ.

ಸಾಹೇಬರ ಶೇರಾ

ಶಾಲೆ ತಪಾಸಣೆಗೆ ಹಿರೇಕೆರೂರಿನಿಂದ ಸಾಹೇಬರು ಬಂದರು. ಮಕ್ಕಳು ಮಗ್ಗಿ ಒಪ್ಪಿಸಿದರು, ಪದ್ಯ ಹೇಳಿದರು. ಸಾಹೇಬರ ಕಿವಿ ಮಕ್ಕಳ ಕಡೆ, ಕಣ್ಣು ಮಾತ್ರ ನನ್ನ ಗಲ್ಲದ ಮೇಲೆ.

“ಏನ್ರಿ ಮಾಸ್ತರ, ಹುಡುಗರಿಗೆ ಸ್ವಚ್ಛತಾ ಪಾಠ ಹೇಳ್ತೀರಿ. ನಿಮ್ಮ ಮಾರಿ ಯಾಕ ಹಿಂಗ ಐತಿ?”

“ಕ್ಷೌರದವ್ರು ಒಲ್ಲೆ ಅಂತಾರ್ರಿ.”

“ಯಾಕ?”

“ನಮ್ಮ ಕೇರಿಯವ್ರಿಗೆ ಕತ್ತಿ ಹಚ್ಚಂಗಿಲ್ರಿ.”

ಸಾಹೇಬರು ಒಳ್ಳೆಯವರು. ಬಹಳ ಹೊತ್ತು ಮರುಗಿದರು. ಕಾಲ ಬದಲಾಗಬೇಕು ಎಂದರು. ಮರುಗಿ ಮುಗಿದ ಮೇಲೆ, ಮುಂದಿನ ತಪಾಸಣೆಯ ಹೊತ್ತಿಗೆ ಮುಖ ನೆಟ್ಟಗಿದ್ದರೆ ನೌಕರಿ ಕಾಯಂ ಮಾಡುತ್ತೇನೆ, ಇಲ್ಲದಿದ್ದರೆ ಬೇರೆ ಮಾಸ್ತರರನ್ನು ನೋಡಬೇಕಾಗುತ್ತದೆ ಎಂದೂ ಹೇಳಿದರು. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೊಬ್ಬನೇ. ಆ ನೌಕರಿ ಹೋದರೆ ನಾನು ಮತ್ತೆ ಚರ್ಮ ನೆನೆಹಾಕುವ ಕುಣಿಗೆ ಇಳಿಯಬೇಕಿತ್ತು. ಇದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ವಹಿಯಲ್ಲಿ ತಮ್ಮ ಶೇರಾ ಬರೆದು ಮುಗಿಸಿದ್ದರು:

“ಮಾಸ್ತರರು ಊರಿನ ಕ್ಷೌರಿಕನೊಡನೆ ಸಹಕರಿಸತಕ್ಕದ್ದು.”

ಗೌಡರ ಎಮ್ಮೆ

ಸರಿ, ಸಹಕರಿಸೋಣ ಎಂದು ಹೊರಟೆ. ಕ್ಷೌರಿಕ ಮದಗದ ಕೆರೆಯ ದಾರಿಯಲ್ಲಿ ಬೇವಿನ ಮರದ ಕೆಳಗೆ ಗೌಡರ ಎಮ್ಮೆಗೆ ಕ್ಷೌರ ಮಾಡುತ್ತಿದ್ದ. ನಮ್ಮ ಕಡೆ ಎಮ್ಮೆಯ ಮೈ ಬೋಳಿಸಿ ಎಣ್ಣೆ ಹಚ್ಚುವ ರೂಢಿಯುಂಟು. ಎಮ್ಮೆ ಕಣ್ಣು ಮುಚ್ಚಿ ಸುಖವಾಗಿ ನಿಂತಿತ್ತು. ಮರಕ್ಕೆ ಕತ್ತಿ ಮಸೆಯುವ ಚರ್ಮದ ಪಟ್ಟಿ ತೂಗುಬಿಟ್ಟಿದ್ದ. ನೋಡಿದ ಕೂಡಲೇ ನಮ್ಮಪ್ಪನ ಕೈಕೆಲಸವೆಂದು ಗುರುತು ಹಿಡಿದೆ. ನಮ್ಮ ಮನೆಯ ಚರ್ಮದ ಮೇಲೆ ಆ ಕತ್ತಿ ದಿನಕ್ಕೆ ನೂರು ಸಲ ಓಡಾಡುತ್ತಿತ್ತು. ನನ್ನ ಚರ್ಮಕ್ಕೆ ಮಾತ್ರ ಬರುವಂತಿರಲಿಲ್ಲ.

“ನಿಮ್ಮ ಮ್ಯಾಲೆ ನಂದೇನೂ ಇಲ್ರಿ ಮಾಸ್ತರ,” ಎಂದ ಕ್ಷೌರಿಕ. “ನಿಮಗ ಹಚ್ಚಿದ ಕತ್ತಿಗೆ ಊರಾಗ ಯಾರೂ ಗಲ್ಲ ಕೊಡಂಗಿಲ್ರಿ.”

ನನಗೆ ಸಿಟ್ಟು ಬಂತು. “ಎಮ್ಮಿಗೆ ಹಚ್ಚಿದ ಕತ್ತಿಗೆ ಕೊಡ್ತಾರಲ್ಲ!”

“ಅದು ಗೌಡರ ಎಮ್ಮಿ ಐತ್ರಿ,” ಎಂದ ಅವನು ತಾಳ್ಮೆಯಿಂದ. “ನೀವು ಯಾರವ್ರು?”

ತಿಳಿಯದೆ ಮಾಡಿದ್ದು

ಮುಂದಿನ ತಿಂಗಳು ಶಿಗ್ಗಾವಿಯಲ್ಲಿ ಮಾಸ್ತರರ ಸಭೆ. ಅಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ಕೋಟು, ಟೊಪ್ಪಿಗೆ ಏರಿಸಿ, ದೊಡ್ಡ ಕನ್ನಡಿಯ ಕ್ಷೌರದ ಅಂಗಡಿಯೊಂದಕ್ಕೆ ಹೋಗಿ ಕುರ್ಚಿಯಲ್ಲಿ ಕುಳಿತೇಬಿಟ್ಟೆ. “ಬರ್ರಿ ರಾಯರ, ಕುಂದರ್ರಿ,” ಎಂದು ಕ್ಷೌರಿಕ ಬಿಸಿನೀರು ಸವರಿ, ಸಾಬೂನು ನೊರೆ ಹಚ್ಚಿ, ಬಲಗಲ್ಲ ಮುಗಿಸಿದ. ಜೀವನದಲ್ಲಿ ಅಷ್ಟು ಸುಖ ನಾನು ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡೆ.

“ಯಾವೂರ್ರಿ? ಯಾರ ಪೈಕಿ?”

ಸುಳ್ಳು ಹೇಳಬಹುದಿತ್ತು. ಆದರೆ ಅದೇ ವಾರ ಮಕ್ಕಳಿಗೆ ಸತ್ಯದ ಮೇಲೆ ಪಾಠ ಮಾಡಿದ್ದೆ. ಹೇಳಿಬಿಟ್ಟೆ. ಅವನು ಕತ್ತಿ ಒರೆಸಿ ಮಡಚಿದ.

“ಏಳ್ರಿ.”

ಬಾಗಿಲಲ್ಲಿ ಕಾದಿದ್ದ ಗಿರಾಕಿಯೊಬ್ಬನಿಗೆ ಕನಿಕರ ಬಂತು. “ಅರ್ಧ ಮಾಡಿ ಎಬ್ಬಸ್ತಿಯಲ್ಲೋ, ಮುಗಿಸಿ ಕಳಸು. ಹೆಂಗೂ ಮುಟ್ಟಿಯಲ್ಲ.”

“ಆ ಅರ್ಧ ನಾ ತಿಳೀದ ಮಾಡೇನಿ, ಅದಕ್ಕ ಪಾಪ ಇಲ್ಲ,” ಎಂದ ಕ್ಷೌರಿಕ. “ಈ ಅರ್ಧ ತಿಳದು ಮಾಡಿದಂಗಾಗ್ತೈತಿ.”

ಎಡಗಲ್ಲಕ್ಕೆ ವಸ್ತ್ರ ಹಿಡಿದು ಸಭೆಯಲ್ಲಿ ಕುಳಿತೆ. ಹಲ್ಲುನೋವೆಂದುಕೊಂಡು ಮೂವರು ಮಾಸ್ತರರು ಲವಂಗ ಕೊಟ್ಟರು.

ಸವಣೂರಿನ ಉಸ್ತಾದ

ಕನಿಕರಪಟ್ಟ ಆ ಗಿರಾಕಿಯೇ ನನ್ನ ಹಿಂದೆ ಹೊರಗೆ ಬಂದು ಒಂದು ದಾರಿ ಹೇಳಿದ್ದ. ಸವಣೂರಿನಲ್ಲಿ ಒಬ್ಬ ಮುಸಲ್ಮಾನ ಅಜ್ಜ ಕ್ಷೌರ ಮಾಡುತ್ತಾನೆ, ಯಾರ ಪೈಕಿ ಎಂದು ಕೇಳುವುದಿಲ್ಲ ಎಂದ. ಸಭೆ ಮುಗಿದ ಮರುದಿನ, ಅದೇ ಅರ್ಧ ಮುಖ ಹೊತ್ತು ನವಾಬರ ಸವಣೂರಿಗೆ ಹೋದೆ. ಅಜ್ಜ ನಿಜಕ್ಕೂ ಏನೂ ಕೇಳಲಿಲ್ಲ. “ಬಾ ಬೇಟಾ, ಕೂಡು,” ಎಂದು ಕೂರಿಸಿ, ಸಾಬೂನು ನೊರೆಯನ್ನು ನೇರವಾಗಿ ನನ್ನ ಮೂಗಿಗೆ ಹಚ್ಚಿದ. ನಾನು ಹೌಹಾರಿ ಅವನ ಕೈ ಹಿಡಿದುಕೊಂಡೆ. ಆಗ ನೋಡಿದೆ, ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಅಂಜಬ್ಯಾಡ, ನೀನ ಮಾಡ್ಕೊ. ನಾ ಹೇಳ್ತೇನಿ,” ಎಂದು ಕತ್ತಿಯನ್ನು ನನ್ನ ಕೈಗೇ ಕೊಟ್ಟ. “ಪಟ್ಟಿ ಮ್ಯಾಲೆ ಕತ್ತಿ ಬೆನ್ನು ಮುಂದ ಹೋಗ್ಬೇಕು, ಗಲ್ಲದ ಮ್ಯಾಲೆ ಅಲಗು ಮುಂದ. ಉಲ್ಟಾ ಮಾಡಿದ್ರ ಪಟ್ಟೀನೂ ಹೋತು, ಗಲ್ಲಾನೂ ಹೋತು. ಕತ್ತಿ ಮಲಗಿಸಿ ಹಿಡಿ, ನಿಲ್ಲಿಸಬ್ಯಾಡ. ಇನ್ನೊಂದು ಕೈಲೆ ಚರ್ಮ ಬಿಗಿ ಮಾಡು.”

ನಾನು ಎಳೆದೆ. ಅಜ್ಜ ಕಿವಿಗೊಟ್ಟು ಕೇಳಿದ. “ಹಾಂ, ಬರೋಬರಿ,” ಎಂದ. ಮತ್ತೊಮ್ಮೆ ಎಳೆದೆ. “ಈಗ ರಕ್ತ ಬಂತು ನೋಡು,” ಎಂದ. ಬಂದಿತ್ತು. ಹೀಗೆ ಕಾಣದ ಕಣ್ಣಿನವನು ನನ್ನ ಐದೂ ಗಾಯಗಳನ್ನು ಸಪ್ಪಳದಲ್ಲೇ ಎಣಿಸಿದ. ಹೊರಡುವಾಗ ಒಂದು ಹಳೆಯ ಕತ್ತಿಯನ್ನು ನನಗೇ ಇಟ್ಟುಕೋ ಎಂದು ಕೊಟ್ಟ.

“ಅಜ್ಜಾರ, ನಾ ಯಾರ ಪೈಕಿ ಅಂತ ಕೇಳಲಿಲ್ರಿ ನೀವು.”

“ನಿನ್ನ ಮಾರಿನ ನನಗ ಕಾಣವಲ್ದು,” ಎಂದು ನಕ್ಕ. “ಪೈಕಿ ತೊಗೊಂಡು ಏನ್ ಮಾಡ್ಲಿ?”

ಅಪ್ಪನ ಅಭಿಪ್ರಾಯ

ಮನೆಯಲ್ಲಿ ಮೊದಲ ದಿನ ಕನ್ನಡಿ ಗೂಟಕ್ಕೆ ತೂಗುಹಾಕಿ ಕುಳಿತೆ. ಅಪ್ಪ ನನಗಾಗಿಯೇ ಮೆತ್ತನೆಯ ಪಟ್ಟಿ ಮಾಡಿಕೊಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನೋಡತೊಡಗಿದ. ಮೇಲ್ತುಟಿಯಲ್ಲಿ ಕೊಯ್ದುಕೊಂಡೆ, ಕಿವಿಯ ಬುಡದಲ್ಲಿ ಕೊಯ್ದುಕೊಂಡೆ, ಗಂಟಲ ಮಣಿಯ ಹತ್ತಿರ ಕೊಯ್ದುಕೊಂಡಾಗ ಅವ್ವ ಚೀರಿದಳು. ಅಪ್ಪ ಮಾತ್ರ ಕೊನೆಯವರೆಗೂ ಸುಮ್ಮನೆ ನೋಡಿ, ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ಹೊರಳಿಸಿದ.

“ಸತ್ತ ಎತ್ತಿನ ಚರ್ಮಾನೂ ನಾ ಇದಕ್ಕಿಂತ ಮರ್ಯಾದಿಲೆ ತಗೀತೇನಿ,” ಎಂದ.

ಚಾವಡಿಯ ಪರೀಕ್ಷೆ

ಮೂರು ತಿಂಗಳಿಗೆ ಕೈ ಪಳಗಿತು. ಮುಖ ನುಣ್ಣಗಾಯಿತು. ನುಣ್ಣಗಾದದ್ದೇ ತಪ್ಪಾಯಿತು.

“ಇಷ್ಟು ಚಂದ ಮಾಡೋ ಕೈ ಈ ಊರಾಗ ಒಂದ ಐತಿ,” ಎಂದರು ಊರವರು. ಕ್ಷೌರಿಕ ಗುಟ್ಟಾಗಿ ನನ್ನ ಗಡ್ಡ ಬೋಳಿಸುತ್ತಿದ್ದಾನೆ ಎಂದು ಸುದ್ದಿಯಾಯಿತು. ಅವನು ದೇವರ ಮೇಲೆ ಆಣೆ ಇಟ್ಟರೂ ಯಾರೂ ಕೇಳಲಿಲ್ಲ. ವಿಚಾರಣೆಯಾಗುವ ತನಕ ಅವನಿಂದ ಯಾರೂ ಕ್ಷೌರ ಮಾಡಿಸಬಾರದೆಂದು ಕಟ್ಟು ಮಾಡಿದರು. ಹದಿನೈದು ದಿನಕ್ಕೆ ಗೌಡರಿಂದ ಹಿಡಿದು ಎಲ್ಲರಿಗೂ ಗಡ್ಡ ಬಂತು. ಇಡೀ ಮಾಸೂರಿನಲ್ಲಿ ಹಸನಾದ ಮುಖ ನನ್ನದೊಂದೇ ಉಳಿಯಿತು. ಊರಿಗೆ ಅದನ್ನು ನೋಡುವುದೇ ಉರಿ.

ಗಡ್ಡದ ಕೆರೆತ ತಾಳಲಾರದೆ ಗೌಡರು ನಮ್ಮಿಬ್ಬರನ್ನೂ ಚಾವಡಿಗೆ ಕರೆಸಿದರು. ಮರುದಿನವೇ ಸಾಹೇಬರ ತಪಾಸಣೆ. ನಾನು ಎಲ್ಲರ ಮುಂದೆ ಕ್ಷೌರ ಮಾಡಿಕೊಂಡು ತೋರಿಸಬೇಕು, ಆಗ ಕ್ಷೌರಿಕ ನಿರಪರಾಧಿ ಎಂದು ತೀರ್ಮಾನವಾಯಿತು. ನನ್ನ ಕೈ ತಪ್ಪಿದರೆ ಅವನ ಅನ್ನ ಹೋಗುತ್ತದೆ, ನನ್ನ ಮುಖ ಕೊಯ್ದುಹೋದರೆ ನನ್ನ ನೌಕರಿ ಹೋಗುತ್ತದೆ. ಕಟ್ಟೆಯ ಕೆಳಗೆ, ದೂರದಲ್ಲಿ, ನೆಲದ ಮೇಲೆ ಕುಳಿತು ಕತ್ತಿ ತೆಗೆದೆ. ಎರಡು ದಿನದ ಗಡ್ಡಕ್ಕೆ ನೊರೆ ಹಚ್ಚಿಕೊಂಡೆ.

ಕೈಕಟ್ಟಿ ನಿಂತಿದ್ದ ಕ್ಷೌರಿಕ ಮೊದಲು ಗೊಣಗಿದ. ಆಮೇಲೆ, “ಮಲಗಸ್ರಿ, ಕತ್ತಿ ಮಲಗಸ್ರಿ!” ಎಂದ. “ನೀ ಸುಮ್ಮನಿರೋ,” ಎಂದು ಗೌಡರು ಗದರಿದರು. ಎರಡೂ ಗಲ್ಲ ಮುಗಿದವು. ಊರವರು ತಲೆದೂಗಿದರು. ಕ್ಷೌರಿಕ ಗೆದ್ದಂತೆಯೇ ಆಗಿತ್ತು. ಗದ್ದಕ್ಕೆ ಬಂದಾಗ ನಾನು ಕತ್ತಿಯನ್ನು ಅಡ್ಡ ತಿರುಗಿಸಿದೆ.

“ಅಯ್ಯಯ್ಯ, ಹಂಗಲ್ರಿ!”

ಜಿಗಿದು ಬಂದವನೇ ಎಡಗೈಯಿಂದ ನನ್ನ ಗದ್ದ ಎತ್ತಿ ಹಿಡಿದು, ಕತ್ತಿ ಕಸಿದುಕೊಂಡು, ಮೂರು ಎಳೆತದಲ್ಲಿ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸ ನೋಡಿದ. ಆಮೇಲೆ ಅವನಿಗೆ ತಾನೆಲ್ಲಿದ್ದೇನೆಂದು ನೆನಪಾಯಿತು. ನಾನು ಹುಟ್ಟಿದ ಊರಿನಲ್ಲಿ ಕೇರಿಯ ಹೊರಗಿನವನೊಬ್ಬ ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ನನಗೆ ಅಳು ಬಂತು. ಅವನಿಗೂ ಬಂತು, ಕಾರಣ ಬೇರೆ.

“ಬಹಿಷ್ಕಾರ ಹಾಕ್ರಿ ಇವಗ!” ಎಂದು ಯಾರೋ ಕೂಗಿದರು. ಗೌಡರು ಗಡ್ಡ ಕೆರೆದುಕೊಂಡರು. ಅವರನ್ನು ನೋಡಿ ಉಳಿದವರೂ ಕೆರೆದುಕೊಂಡರು. ಕೊನೆಗೆ ಗೌಡರು ನ್ಯಾಯ ಹೇಳಿದರು: “ಮನಷ್ಯಾಂದು ತಪ್ಪಿಲ್ಲ. ತಪ್ಪು ಕತ್ತೀದು. ಅದನ್ನ ಕೆರೀಗೆ ಒಗೀರಿ.”

“ಗೌಡ್ರ, ಆ ಕತ್ತಿ ನಂದ್ರಿ!” ಎಂದೆ.

“ನಿಂದು ಅಂತನ ಒಗ್ಯಾಕತ್ತೇವಿ,” ಎಂದರು.

ಒಗೆದರು. ಕ್ಷೌರಿಕ ಕೈ ತೊಳೆದು, ತನ್ನ ಕತ್ತಿ ತೆಗೆದು, ಗೌಡರಿಂದಲೇ ಶುರು ಮಾಡಿದ. ಮರುದಿನ ಸಾಹೇಬರು ಬಂದು, ನನ್ನ ಗಲ್ಲ ನೋಡಿ, ಮಗ್ಗಿಯನ್ನೂ ಕೇಳದೆ ನೌಕರಿ ಕಾಯಂ ಮಾಡಿದರು. ಅದಕ್ಕೆ ಸಂತೋಷಪಡಬೇಕೋ, ಕತ್ತಿಗೆ ಮರುಗಬೇಕೋ ತಿಳಿಯದೆ ಮಧ್ಯಾಹ್ನ ಕೆರೆಯ ಕಡೆ ನಡೆದೆ. ಬೇವಿನ ಮರದ ಕೆಳಗೆ ಕ್ಷೌರಿಕ ಒಬ್ಬನೇ ಕುಳಿತಿದ್ದ. ನನ್ನ ಕಡೆ ತಿರುಗದೆ, ಮರದ ಜೊತೆ ಮಾತಾಡುವವನ ಹಾಗೆ ಹೇಳಿದ:

“ನಿಮ್ಮ ಎಡ ದವಡಿ ಕೆಳಗ ನಾಕು ಕೂದಲ ಉಳದಾವ್ರಿ ಮಾಸ್ತರ. ನಿನ್ನಿ ನೋಡೇನಿ. ಆವಾಗಿಂದ ಜೀವ ತಿನ್ನಾಕತ್ತಾವ.”

“ಹಂಗಾರ ಬಂದು ತಗದಬಿಡ್ರಿ. ಇಲ್ಲಿ ಯಾರೂ ಇಲ್ಲ.”

ಅವನು ದಾರಿಯ ಆ ತುದಿ ನೋಡಿದ, ಈ ತುದಿ ನೋಡಿದ. ಕತ್ತಿ ಹಿಡಿದು ಅರ್ಧ ಎದ್ದ. ಮತ್ತೆ ಕುಳಿತ.

“ಬ್ಯಾಡ್ರಿ, ಇರ್ಲಿ. ನಾಳೆ ಯಾರರ ಕೇಳಿದ್ರ ತೋರಸಾಕ ಬರ್ತಾವ. ನಾ ಮಾಡಿದ್ರ ನಾಕು ಕೂದಲ ಉಳೀತಿದ್ವೇನ್ರಿ?”